ವೈ-ಫೈ ಮತ್ತು ಓವನ್‌ನದು ಒಂದೇ ತರಂಗವೇ? ಮೈಕ್ರೋವೇವ್ ಪಾಠ ಹೇಳಿದ ರಾಜೇಶ್ವರಿ ಚಟರ್ಜಿ

ವೈ-ಫೈಯಲ್ಲೂ ಮೈಕ್ರೋವೇವ್ ಓವನ್‌ನಲ್ಲೂ ಇರುವುದು ಒಂದೇ ತರಂಗ, ಹುಷಾರು ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಅರ್ಧ ನಿಜ. ಉಳಿದರ್ಧ ತಿಳಿಯಲು, ಈ ತರಂಗಗಳನ್ನೇ ಬೆಂಗಳೂರಿನಲ್ಲಿ ಸುಮಾರು ಮೂರು ದಶಕ ಕಲಿಸಿದ, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದೇ ಹೆಸರಾದ ರಾಜೇಶ್ವರಿ ಚಟರ್ಜಿ ಅವರ ಬಗ್ಗೆ ಓದಿ.

1922ರಲ್ಲಿ ಹುಟ್ಟಿದ ರಾಜೇಶ್ವರಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಎಂ.ಎಸ್ಸಿ. ಮುಗಿಸಿದರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಸಿ.ವಿ. ರಾಮನ್ ಬಳಿ ಸಂಶೋಧನೆ ಮಾಡಬೇಕೆಂದು ಕೇಳಿದಾಗ, ಭೌತಶಾಸ್ತ್ರದ ಪದವಿ ಇಲ್ಲವೆಂದು ರಾಮನ್ ಒಪ್ಪಲಿಲ್ಲ. ಅದೇ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗ ಸೇರಿಸಿಕೊಂಡಿತು. ರಾಮನ್ ಒಪ್ಪಿದ್ದರೆ ಅವರು ಮೈಕ್ರೋವೇವ್ ಕಡೆ ಬರುತ್ತಲೇ ಇರಲಿಲ್ಲವೇನೋ!

ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಅಮೆರಿಕಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ, ನಂತರ ವಾಷಿಂಗ್ಟನ್‌ನಲ್ಲಿ ಎಂಟು ತಿಂಗಳು ರೇಡಿಯೋ ತರಂಗಗಳನ್ನು ಅಳೆಯುವ ತರಬೇತಿ, ಮತ್ತೆ ಮಿಶಿಗನ್‌ನಲ್ಲಿ ಪಿಎಚ್.ಡಿ. 1953ರಲ್ಲಿ ವಾಪಸ್ ಬಂದು ತಮ್ಮ ಹಳೆಯ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಅಲ್ಲೇ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಮೈಕ್ರೋವೇವ್ ಸಂಶೋಧನೆಗೆ ಇಬ್ಬರೂ ಸೇರಿ ಪ್ರಯೋಗಾಲಯ ಕಟ್ಟಿದರು.

ಆ ವಿದ್ಯೆ ಇಂದು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮನೆಮನೆಯಲ್ಲೂ ಇದೆ. ಮೈಕ್ರೋವೇವ್ ಎಂದರೆ ಸುಮಾರು 1ರಿಂದ 300 ಗಿಗಾಹರ್ಟ್ಜ್‌ವರೆಗಿನ ತರಂಗಗಳು. ಒಂದು ಗಿಗಾಹರ್ಟ್ಜ್ ಅಂದರೆ ಸೆಕೆಂಡಿಗೆ 100 ಕೋಟಿ ಕಂಪನ. ಇದನ್ನು ಬ್ಯಾಂಡ್‌ಗಳಾಗಿ ಹಂಚಿದ್ದಾರೆ. ಮೊಬೈಲ್‌ನಲ್ಲಿ ದಾರಿ ತೋರಿಸುವ ಜಿಪಿಎಸ್ ಎಲ್ ಬ್ಯಾಂಡ್‌ನಲ್ಲಿದೆ (1.575), 2.4ರ ವೈ-ಫೈ ಎಸ್ ಬ್ಯಾಂಡ್‌ನಲ್ಲಿ. ಮಾಳಿಗೆ ಮೇಲಿನ ಟಿವಿ ಡಿಶ್ ಹಿಡಿಯುವುದು 12ರ ಆಸುಪಾಸಿನ ಕೆಯು ಬ್ಯಾಂಡ್. ಜೋರು ಮಳೆಯಲ್ಲಿ ಟಿವಿ ನಿಲ್ಲುವುದು ಡಿಶ್ ಕೆಟ್ಟಿದ್ದರಿಂದಲ್ಲ. ಆ ಬ್ಯಾಂಡ್‌ನ ತರಂಗಗಳನ್ನು ಮಳೆಹನಿಗಳು ಹೀರಿ ಚದುರಿಸುತ್ತವೆ, ಅಷ್ಟೇ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಮಳೆ ನಿಲ್ಲಲಿ.

ಇನ್ನು ಆ ಫಾರ್ವರ್ಡ್. ಓವನ್ ಕೂಡ 2.45 ಗಿಗಾಹರ್ಟ್ಜ್‌ನದೇ, ನಿಜ. ಆದರೆ ಓವನ್ 700-1000 ವ್ಯಾಟ್ ಶಕ್ತಿಯನ್ನು ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ ಸುರಿಯುತ್ತದೆ. ಮನೆಯ ರೂಟರ್ ಹೊರಸೂಸುವುದು ಸುಮಾರು 0.1 ವ್ಯಾಟ್, ಅದೂ ಎಲ್ಲ ದಿಕ್ಕಿಗೂ ಹರಡಿ. ಅದರಲ್ಲಿ ಚಹಾ ಕೂಡ ಬಿಸಿಯಾಗದು. ಬೆಳಕಿಗಿಂತಲೂ ಎಷ್ಟೋ ಕಡಿಮೆ ಆವರ್ತನದ ಈ ತರಂಗಗಳಿಗೆ ಎಕ್ಸ್-ರೇಯಂತೆ ಅಣುಗಳನ್ನು ಒಡೆಯುವ ಶಕ್ತಿಯಿಲ್ಲ. ನಿಮ್ಮೂರಿನ ಟವರ್ ನಿಯಮದಂತಿದೆಯೇ ಎಂಬ ಅನುಮಾನವಿದ್ದರೆ ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ಪೋರ್ಟಲ್‌ನಲ್ಲಿ ನೋಡಬಹುದು.

ರಾಜೇಶ್ವರಿ ತಮ್ಮ ವಿಭಾಗದ ಮುಖ್ಯಸ್ಥೆಯಾದರು, 20 ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನದ ಕೆಲಸಕ್ಕೆ ಇಳಿದರು. 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು. ಮಗಳೂ ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು.