ಶಿಕ್ಷಣದ ಹರಿಕಾರ ಗೋಖಲೆ

ಕೂಡ್ಲಿಗಿ ಪಟ್ಟಣದ ಹುತಾತ್ಮರ ಸ್ಮಾರಕದಲ್ಲಿ ಮಹಾತ್ಮ ಗಾಂಧೀಜಿಯವರ ಚಿತಾಭಸ್ಮವಿದೆ. ಗಾಂಧೀಜಿಯವರನ್ನು ನಾವೆಲ್ಲರೂ ಬಲ್ಲೆವು. ಆದರೆ ಅವರು ತಮ್ಮ ರಾಜಕೀಯ ಗುರುವೆಂದು ಗೌರವಿಸಿದ ಮಹನೀಯರನ್ನು ಬಲ್ಲವರು ಅಷ್ಟು ಮಂದಿಯಿಲ್ಲ. ಅವರೇ ಗೋಪಾಲಕೃಷ್ಣ ಗೋಖಲೆ. ಇಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಬಡ ರೈತನ ಮಗಳು ಶುಲ್ಕದ ಚಿಂತೆಯಿಲ್ಲದೆ, ಯಾರ ಹಂಗೂ ಇಲ್ಲದೆ, ತನ್ನ ಹಕ್ಕಿನಿಂದಲೇ ಸರಕಾರಿ ಶಾಲೆಯ ಹೊಸ್ತಿಲನ್ನು ದಾಟುತ್ತಾಳೆ. ಅಂತಹ ಹಕ್ಕು ಈ ದೇಶದ ಮಕ್ಕಳಿಗೆ ದೊರೆಯಬೇಕೆಂದು ನೂರು ವರ್ಷಗಳಿಗೂ ಹಿಂದೆ ಶಾಸನಸಭೆಯಲ್ಲಿ ವಾದಿಸಿ, ಸೋತು, ಸೋಲಿನಲ್ಲಿಯೂ ಎದೆಗುಂದದೆ ನಿಂತವರು ಗೋಖಲೆಯವರು.

ಗೋಖಲೆಯವರು 1866ರ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕೃಷ್ಣರಾಯರು ಕನ್ನಡನಾಡಿನ ಗಡಿಗೆ ಹೊಂದಿಕೊಂಡಿರುವ ಕಾಗಲ ಎಂಬ ಚಿಕ್ಕ ಸಂಸ್ಥಾನದಲ್ಲಿ ಅಲ್ಪ ವೇತನದ ನೌಕರರಾಗಿದ್ದರು. ಗೋಪಾಲನಿಗೆ ಹದಿಮೂರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅಣ್ಣ ಗೋವಿಂದರಾಯರು ತಮ್ಮ ವಿದ್ಯಾಭ್ಯಾಸವನ್ನು ಅಷ್ಟಕ್ಕೇ ನಿಲ್ಲಿಸಿ, ತಿಂಗಳಿಗೆ 15 ರೂಪಾಯಿ ಸಂಬಳದ ಕೆಲಸಕ್ಕೆ ಸೇರಿದರು. ಅದರಲ್ಲಿ 8 ರೂಪಾಯಿಗಳನ್ನು ಕೊಲ್ಲಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಕಳುಹಿಸುತ್ತಿದ್ದರು. ಉಳಿದ 7 ರೂಪಾಯಿಗಳಲ್ಲಿ ಇಡೀ ಸಂಸಾರ ಸಾಗಬೇಕಾಗಿತ್ತು. ತನ್ನ ಓದಿಗಾಗಿ ಮನೆಯವರು ಉಪವಾಸವಿರುವರೆಂಬುದನ್ನು ಅರಿತಿದ್ದ ಬಾಲಕನು ಒಂದೊಂದು ಕಾಸನ್ನೂ ಲೆಕ್ಕವಿಟ್ಟು ಬಳಸಿದನು. ದೀಪದ ಎಣ್ಣೆಯನ್ನು ಉಳಿಸಲು ಬೀದಿಯ ದೀಪದ ಬೆಳಕಿನಲ್ಲಿ ಓದಿದನು.

ಅವರ ಬಾಲ್ಯದ ಪ್ರಸಂಗವೊಂದನ್ನು ಹಿರಿಯರು ಹೇಳುತ್ತಾರೆ. ಮನೆಯಲ್ಲಿ ಮಾಡಲು ಕೊಟ್ಟಿದ್ದ ಲೆಕ್ಕಗಳನ್ನು ಸರಿಯಾಗಿ ಮಾಡಿ ತಂದ ಗೋಪಾಲನನ್ನು ಉಪಾಧ್ಯಾಯರು ತರಗತಿಯಲ್ಲಿ ಮೆಚ್ಚಿ ಮಾತನಾಡಿದರು. ಹುಡುಗನು ಹಿಗ್ಗುವುದಕ್ಕೆ ಬದಲಾಗಿ ಬಿಕ್ಕಿ ಬಿಕ್ಕಿ ಅತ್ತನು. ಆ ಲೆಕ್ಕಗಳನ್ನು ಮಾಡುವಲ್ಲಿ ತಾನು ಬೇರೊಬ್ಬರ ಸಹಾಯ ಪಡೆದಿದ್ದಾಗಿಯೂ, ಆ ಹೊಗಳಿಕೆಗೆ ತಾನು ಅರ್ಹನಲ್ಲವೆಂದೂ ಅವನು ಒಪ್ಪಿಕೊಂಡನು. ತನಗೆ ಸಲ್ಲದುದನ್ನು ಸ್ವೀಕರಿಸಬಾರದೆಂಬ ಈ ನಿಷ್ಠೆ ಗೋಖಲೆಯವರಲ್ಲಿ ಕಡೆಯವರೆಗೂ ಉಳಿಯಿತು.

ಅವರು 1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಪದವೀಧರರಾದರು. ಸರಕಾರಿ ನೌಕರಿ, ವಕೀಲಿ ವೃತ್ತಿ ಎರಡೂ ಅವರಿಗೆ ಸುಲಭವಾಗಿ ದೊರೆಯುತ್ತಿದ್ದವು. ಬಡತನದ ಬೇಗೆಯಲ್ಲಿ ಬೆಂದ ಮನೆಯವರೂ ಅದನ್ನೇ ಬಯಸಿದ್ದರೆ ಆಶ್ಚರ್ಯವಿಲ್ಲ. ಆದರೆ ಗೋಖಲೆಯವರು ಪುಣೆಯ ಡೆಕ್ಕನ್ ಎಜುಕೇಷನ್ ಸೊಸೈಟಿಯ ಆಜೀವ ಸದಸ್ಯರಾಗಿ, ತಿಂಗಳಿಗೆ 75 ರೂಪಾಯಿಗಳ ವೇತನದ ಮೇಲೆ ದೀರ್ಘಕಾಲ ಬೋಧನೆ ಮಾಡುವ ವ್ರತ ತೊಟ್ಟರು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ, ಇಂಗ್ಲಿಷು, ಇತಿಹಾಸಗಳನ್ನು ಬೋಧಿಸಿದರು. ಶಾಲೆಗಳಿಗಾಗಿ ಅಂಕಗಣಿತದ ಪುಸ್ತಕವೊಂದನ್ನು ಬರೆದರು. ರಜೆಯ ದಿನಗಳಲ್ಲಿ ಊರೂರು ಸುತ್ತಿ, ಮನೆಮನೆಯ ಬಾಗಿಲಲ್ಲಿ ನಿಂತು ಸಂಸ್ಥೆಗಾಗಿ ಹಣ ಕೂಡಿಸಿದರು. ವಿದ್ಯಾಸಂಸ್ಥೆಯೆಂಬುದು ಜನರ ಕಾಣಿಕೆಯಿಂದ ಬೆಳೆಯುವ ಜನರ ಸ್ವತ್ತು ಎಂಬ ಅರಿವು ಅವರಿಗೆ ಆ ತಿರುಗಾಟದಲ್ಲಿ ಮೂಡಿರಬೇಕು.

ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಗೋಖಲೆಯವರಿಗೆ ಸಾರ್ವಜನಿಕ ಜೀವನದ ಗುರುಗಳಾದರು. ಅಂಕಿಅಂಶಗಳನ್ನು ಪರಿಶೀಲಿಸದೆ ಒಂದು ಮಾತನ್ನೂ ಆಡಬಾರದೆಂಬ ಶಿಸ್ತನ್ನು ಶಿಷ್ಯನು ಗುರುವಿನಿಂದ ಕಲಿತನು. 1899ರಲ್ಲಿ ಮುಂಬಯಿ ಶಾಸನಸಭೆಗೆ ಆಯ್ಕೆಯಾದ ಗೋಖಲೆಯವರು ಮುಂದೆ ವೈಸರಾಯರ ಶಾಸನಸಭೆಯ ಸದಸ್ಯರಾದರು. 1902ರಲ್ಲಿ ಕಾಲೇಜಿನಿಂದ ನಿವೃತ್ತರಾಗಿ, 1905ರಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಕಾಶಿಯಲ್ಲಿ ನಡೆದ ಕಾಂಗ್ರೆಸ್ ಮಹಾಧಿವೇಶನದ ಅಧ್ಯಕ್ಷರೂ ಆದರು.

ತರಗತಿಯನ್ನು ಬಿಟ್ಟು ಬಂದರೂ ಗೋಖಲೆಯವರೊಳಗಿನ ಉಪಾಧ್ಯಾಯರು ಅವರನ್ನು ಬಿಡಲಿಲ್ಲ. ಅಂದಿನ ಬ್ರಿಟಿಷ್ ಇಂಡಿಯಾದಲ್ಲಿ ಒಟ್ಟು ಜನಸಂಖ್ಯೆಯ ನೂರಕ್ಕೆ ಇಬ್ಬರಷ್ಟು ಕೂಡ ಪ್ರಾಥಮಿಕ ಶಾಲೆಗಳಲ್ಲಿ ಓದುತ್ತಿರಲಿಲ್ಲ. ಇತ್ತ ಬಡೋದೆಯ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರು 1906ರಲ್ಲಿಯೇ ತಮ್ಮ ಸಂಸ್ಥಾನದಲ್ಲೆಲ್ಲ ಕಡ್ಡಾಯ ಶಿಕ್ಷಣವನ್ನು ಜಾರಿಗೆ ತಂದಿದ್ದರು. ದೇಶೀಯ ಅರಸರೊಬ್ಬರಿಗೆ ಸಾಧ್ಯವಾದುದು ಬಲಿಷ್ಠವಾದ ಬ್ರಿಟಿಷ್ ಸರಕಾರಕ್ಕೆ ಏಕೆ ಸಾಧ್ಯವಿಲ್ಲವೆಂಬುದು ಗೋಖಲೆಯವರ ನೇರವಾದ ಪ್ರಶ್ನೆ. 1910ರ ಮಾರ್ಚಿಯಲ್ಲಿ ಈ ಕುರಿತು ಶಾಸನಸಭೆಯಲ್ಲಿ ನಿರ್ಣಯವೊಂದನ್ನು ಮಂಡಿಸಿದರು. ಸರಕಾರವು ಪರಿಶೀಲಿಸುವ ಆಶ್ವಾಸನೆಯನ್ನಿತ್ತುದರಿಂದ ಅದನ್ನು ಹಿಂತೆಗೆದುಕೊಂಡರು. ನಿರೀಕ್ಷಿಸಿದ ಫಲ ಕಾಣದಿದ್ದಾಗ, 1911ರ ಮಾರ್ಚ್ 16ರಂದು ತಾವೇ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಸಭೆಯ ಮುಂದಿಟ್ಟರು.

ಆ ಮಸೂದೆಯು ಬಹು ಎಚ್ಚರಿಕೆಯಿಂದ ರಚಿತವಾಗಿತ್ತು. ಇಡೀ ದೇಶದ ಮೇಲೆ ಒಮ್ಮೆಗೇ ಕಡ್ಡಾಯವನ್ನು ಹೇರುವ ಉದ್ದೇಶ ಅದಕ್ಕಿರಲಿಲ್ಲ. ಸಾಕಷ್ಟು ಮಕ್ಕಳು ಆಗಲೇ ಶಾಲೆಗೆ ಬರುತ್ತಿರುವ ಪ್ರದೇಶದಲ್ಲಿ, ಪುರಸಭೆಯೋ ಜಿಲ್ಲಾ ಬೋರ್ಡೋ ಸರಕಾರದ ಒಪ್ಪಿಗೆ ಪಡೆದು 6ರಿಂದ 10 ವರ್ಷದ ಗಂಡುಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸಬಹುದಾಗಿತ್ತು. ಹೆಣ್ಣುಮಕ್ಕಳಿಗೆ ಅದನ್ನು ಮುಂದೆ ವಿಸ್ತರಿಸಲು ಅವಕಾಶವಿತ್ತು. ತಿಂಗಳಿಗೆ 10 ರೂಪಾಯಿ ಮೀರದ ವರಮಾನವುಳ್ಳ ಪೋಷಕರಿಂದ ಶುಲ್ಕ ವಸೂಲು ಮಾಡುವಂತಿರಲಿಲ್ಲ. ಮಗುವನ್ನು ಶಾಲೆಗೆ ಕಳುಹಿಸದ ಪೋಷಕನಿಗೆ ಚಿಕ್ಕ ದಂಡವಿತ್ತು. ಆದರೆ ಒಂದು ಮೈಲಿಯೊಳಗೆ ಶಾಲೆಯೇ ಇಲ್ಲದಿದ್ದರೆ ಅವನನ್ನು ದಂಡಿಸುವಂತಿರಲಿಲ್ಲ. ಮಕ್ಕಳ ಹಾಜರಿಯನ್ನು ನೋಡಿಕೊಳ್ಳಲು ಸ್ಥಳೀಯ ಹಾಜರಾತಿ ಸಮಿತಿಗಳ ಏರ್ಪಾಡೂ ಇತ್ತು.

ಈ ಏರ್ಪಾಡುಗಳ ಹಿಂದಿನ ನ್ಯಾಯವನ್ನು ನಾವು ಗಮನಿಸಬೇಕು. ಕಡ್ಡಾಯವೆಂದರೆ ಮಗುವನ್ನು ಗದರಿಸಿ ಶಾಲೆಗೆ ಅಟ್ಟುವುದೆಂದು ಹಲವರು ತಿಳಿದಿದ್ದರು. ಗೋಖಲೆಯವರ ಮಸೂದೆಯಲ್ಲಿ ಕಟ್ಟುಪಾಡು ಎಲ್ಲರಿಗೂ ಇತ್ತು. ಶಾಲೆ ತೆರೆಯದ ಊರು ತಂದೆಯನ್ನು ದಂಡಿಸಲಾಗದು. ಶಾಲೆ ತೆರೆದ ಮೇಲೆ ತಂದೆಯು ಮಗನನ್ನು ದನ ಕಾಯಲು ಅಟ್ಟಿ ಸುಮ್ಮನಿರಲಾಗದು. ಹೀಗೆ ಸರಕಾರ, ಊರು, ಮನೆ ಈ ಮೂರೂ ಮಗುವಿನ ಮುಂದೆ ಹೊಣೆಗಾರರಾದವು.

ವಿರೋಧವು ನಾಲ್ಕೂ ಕಡೆಯಿಂದ ಬಂತು. ಹಣವಿಲ್ಲ, ಶಿಕ್ಷಕರಿಲ್ಲ, ಜನರಿಗೆ ಬೇಡವಾಗಿದೆಯೆಂದು ಅಧಿಕಾರಿಗಳು ವಾದಿಸಿದರು. ಕೂಲಿಯವರ ಮಕ್ಕಳು ಅಕ್ಷರ ಕಲಿತರೆ ಹೊಲಗದ್ದೆಗಳ ಕೆಲಸಕ್ಕೆ ಆಳುಗಳು ದೊರೆಯಲಾರರೆಂದು ಕೆಲವು ಜಮೀನುದಾರರು ಅಂಜಿದರು. ಗೋಖಲೆಯವರು ಒಂದೊಂದು ಆಕ್ಷೇಪಕ್ಕೂ ಅಂಕಿಅಂಶಗಳಿಂದ, ಸೌಜನ್ಯ ಮೀರದ ಮಾತುಗಳಿಂದ ಉತ್ತರಕೊಟ್ಟರು. ಮದನಮೋಹನ ಮಾಳವೀಯರಂತಹವರು ಬೆಂಬಲಿಸಿದರು. ಆದರೂ 1912ರ ಮಾರ್ಚ್ 19ರಂದು ಮಸೂದೆಯು 13ಕ್ಕೆ ವಿರುದ್ಧವಾಗಿ 38 ಮತಗಳಿಂದ ಬಿದ್ದುಹೋಯಿತು. ಹೀಗಾಗುವುದೆಂದು ಗೋಖಲೆಯವರಿಗೆ ಮೊದಲೇ ತಿಳಿದಿತ್ತು. ತಮ್ಮ ಪೀಳಿಗೆಯು ಸೋಲುಗಳಿಂದಲೇ ದೇಶಸೇವೆ ಮಾಡಬೇಕಾಗಿದೆಯೆಂದೂ, ಗೆಲ್ಲುವವರು ಮುಂದೆ ಬರುವರೆಂದೂ ಅವರು ನಂಬಿದ್ದರು. ಬಹುಕಾಲದಿಂದ ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದ ಅವರು, ವಿಶ್ರಾಂತಿಯಿಲ್ಲದ ದುಡಿಮೆಯಿಂದ ಜರ್ಜರಿತರಾಗಿ, 1915ರ ಫೆಬ್ರವರಿ 19ರಂದು ಪುಣೆಯಲ್ಲಿ ನಿಧನರಾದರು. ಆಗ ಅವರಿಗೆ ನಲವತ್ತೆಂಟು ವರ್ಷ ಮಾತ್ರ.

ಅವರು ಬಿತ್ತಿದ ಬೀಜ ನೆಲದಲ್ಲಿ ಕೊಳೆಯಲಿಲ್ಲ. 1913ರಲ್ಲಿ ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣ ಶಾಸನವನ್ನು ಮಾಡಿತು. ವಿಠಲಭಾಯಿ ಪಟೇಲರ ಯತ್ನದಿಂದ 1918ರಲ್ಲಿ ಮುಂಬಯಿ ಪ್ರಾಂತದ ಪುರಸಭೆಗಳಿಗೆ ಕಡ್ಡಾಯ ಶಿಕ್ಷಣದ ಅಧಿಕಾರ ದೊರೆಯಿತು. ಅಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. ಆ ಪ್ರಾಂತಕ್ಕೂ 1920ರಲ್ಲಿ ಇಂತಹ ಕಾನೂನು ಬಂತು. 1953ರಲ್ಲಿ ಈ ಸೀಮೆಯು ಮೈಸೂರಿಗೆ ಸೇರಿದ ಮೇಲೆ, 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಅಧಿನಿಯಮವು ರಾಜ್ಯದಲ್ಲಿ ಜಾರಿಯಾಯಿತು. ಕೊನೆಗೆ 2002ರ ಸಂವಿಧಾನದ ತಿದ್ದುಪಡಿಯು ಶಿಕ್ಷಣವನ್ನು ಮಕ್ಕಳ ಮೂಲಭೂತ ಹಕ್ಕನ್ನಾಗಿ ಮಾಡಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದು, 6ರಿಂದ 14 ವರ್ಷದ ಗಂಡು ಹೆಣ್ಣು ಮಕ್ಕಳೆಲ್ಲರಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ವಿಧಿಸಿತು.

ಈ ಕಾಯಿದೆಯಲ್ಲಿಯೂ ಗೋಖಲೆಯವರ ನ್ಯಾಯವೇ ಹರಿದುಬಂದಿದೆ. ಸಮೀಪದಲ್ಲಿ ಶಾಲೆಯನ್ನು ಒದಗಿಸುವುದು ಸರಕಾರದ ಕರ್ತವ್ಯ. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯ. ವೇಳೆಗೆ ಸರಿಯಾಗಿ ಬಂದು ಪಾಠ ಹೇಳುವುದು, ಮಗುವನ್ನು ಹೊಡೆಯದೆ ಬಡಿಯದೆ ಕಲಿಸುವುದು ಶಿಕ್ಷಕರ ಕರ್ತವ್ಯ. ಅಂದಿನ ಹಾಜರಾತಿ ಸಮಿತಿಯ ಸ್ಥಾನದಲ್ಲಿ ಇಂದು ಶಾಲೆಯ ಸಮಿತಿಯಿದೆ. ಅದರ ಸದಸ್ಯರಲ್ಲಿ ನಾಲ್ಕನೆಯ ಮೂರು ಪಾಲು ತಂದೆತಾಯಿಗಳೋ ಪೋಷಕರೋ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಕಾಯಿದೆಯ ವಿಧಿ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಕುಟುಂಬಗಳು ಗುಳೆ ಹೋಗುವುದುಂಟು. ಹಾಗೆ ಹೋಗುವ ಮಗುವಿಗೆ ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡಬೇಕು. ಪತ್ರ ತಡವಾಯಿತೆಂದು ಹೊಸ ಊರಿನ ಶಾಲೆಯು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ನಡುವೆ ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಬೇಕಾದ ವಿಶೇಷ ತರಬೇತಿ ನೀಡಬೇಕು.

ಕಾನೂನು ಹಾದಿಯನ್ನು ತೆರೆಯಬಲ್ಲುದು, ನಡೆಯಬೇಕಾದವರು ಜನರು. ಸಮಿತಿಯ ಸಭೆಗೆ ಪೋಷಕರು ಬಾರದಿದ್ದರೆ, ನೆರೆಮನೆಯ ಮಗು ಮೂರು ದಿನ ಶಾಲೆಗೆ ಬಾರದಿದ್ದರೂ ಯಾರೂ ವಿಚಾರಿಸದಿದ್ದರೆ, ಹಕ್ಕೆಂಬುದು ಪುಸ್ತಕದಲ್ಲಿಯೇ ಉಳಿದೀತು. ಬೆಂಗಳೂರಿನಲ್ಲಿ ಡಿ.ವಿ.ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಸಾರ್ವಜನಿಕ ವಿಚಾರಗಳ ಸಂಸ್ಥೆಗೆ ಗೋಖಲೆಯವರ ಹೆಸರನ್ನೇ ಇಟ್ಟರು. ನಾಡಿನ ಕೆಲಸದಲ್ಲಿ ಪ್ರತಿಯೊಬ್ಬ ಪ್ರಜೆಗೂ ಪಾಲುಂಟೆಂಬ ಗೋಖಲೆಯವರ ಭಾವನೆಗೆ ಅದು ತಕ್ಕ ಗೌರವ. ಅಣ್ಣನೊಬ್ಬ ತನ್ನ ಓದನ್ನು ತ್ಯಜಿಸಿ ಕಳುಹಿಸಿದ ಎಂಟು ರೂಪಾಯಿಗಳಿಂದ ಓದಿದ ಬಾಲಕನು, ಮುಂದೆ ಯಾವ ಅಣ್ಣನೂ ತಮ್ಮನಿಗಾಗಿ ಓದನ್ನು ಬಿಡಬೇಕಾಗದ ಕಾಲವನ್ನು ತರಲು ಹೋರಾಡಿದನು. ನಮ್ಮ ಪಕ್ಕದ ಪೀಠವು ಬರಿದಾದಂದು ಅಲ್ಲಿ ಕೂರಬೇಕಾದ ಗೆಳೆಯನನ್ನು ಅರಸಿ ಹೋಗಿ ಕರೆತರುವುದು ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗುರುದಕ್ಷಿಣೆ.