ಎತ್ತಿನ ಗಾಡಿ ಏರಿ ಹಳ್ಳಿಗೆ ಹೋದ ಡಾಕ್ಟರಮ್ಮ

ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಟ್ಪಾಡಿಗೆ ಟಿಕೆಟ್ ಕೇಳುವವರ ಕೈಯಲ್ಲಿ ಎಕ್ಸ್‌ರೇ ಕವರು ಇದ್ದರೆ ಎಲ್ಲಿಗೆ ಹೊರಟಿರಿ ಅಂತ ಯಾರೂ ಕೇಳುವುದಿಲ್ಲ. ವೆಲ್ಲೂರು ಆಸ್ಪತ್ರೆಗೆ ಅಂತ ಎಲ್ಲರಿಗೂ ಗೊತ್ತು. ಕೋಲಾರ ಸೀಮೆಯವರಿಗೆ ವೆಲ್ಲೂರು ಅಂದರೆ ಕೋಟೆಯೂ ಅಲ್ಲ, ಜಲಕಂಠೇಶ್ವರನ ಗುಡಿಯೂ ಅಲ್ಲ, ಆಸ್ಪತ್ರೆ.

ಆ ಆಸ್ಪತ್ರೆ ಶುರುವಾದದ್ದು ಒಂದೇ ಒಂದು ಹಾಸಿಗೆಯಿಂದ. ಶುರು ಮಾಡಿದವರು ಒಬ್ಬ ಹೆಂಗಸು, ಡಾ. ಐಡಾ ಸ್ಕಡರ್. ದೊಡ್ಡ ಕಟ್ಟಡ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಈಕೆ ಮಾಡಿದ ದೊಡ್ಡ ಕೆಲಸ ಕಟ್ಟಡದ ಹೊರಗೆ, ಹಳ್ಳಿ ರಸ್ತೆಯ ಮರದ ಕೆಳಗೆ ನಡೆದದ್ದು ಎಂಬ ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ.

ಡಾಕ್ಟರ್ ಮನೆತನ, ಡಾಕ್ಟರಿಕೆ ಬೇಡ

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ವೆಲ್ಲೂರಿಗೆ ಹತ್ತಿರದ ರಾಣಿಪೇಟೆಯಲ್ಲಿ. ಅಮೆರಿಕದಿಂದ ಬಂದ ಮಿಷನರಿ ಮನೆತನ. ಅಜ್ಜ ಡಾ. ಜಾನ್ ಸ್ಕಡರ್ 1819ರಷ್ಟು ಹಿಂದೆಯೇ ಸಿಂಹಳಕ್ಕೆ ಬಂದು, ಆಮೇಲೆ ಮದರಾಸಿಗೆ ಬಂದವರು. ಅವರ ಏಳು ಮಂದಿ ಗಂಡುಮಕ್ಕಳೂ ಇದೇ ದೇಶದಲ್ಲಿ ಕೆಲಸಕ್ಕೆ ನಿಂತರು. ಐಡಾ ತಂದೆಯೂ ಡಾಕ್ಟರೇ.

ಆದರೆ ಹುಡುಗಿಗೆ ಇದೊಂದೂ ಬೇಕಿರಲಿಲ್ಲ. 1876-78ರ ಘೋರ ಬರಗಾಲದಲ್ಲಿ ಹಸಿದು ಬಂದ ಮಕ್ಕಳಿಗೆ ರೊಟ್ಟಿ ಚೂರು ಕೊಟ್ಟ ನೆನಪು ಆಕೆಯ ಮನಸ್ಸಿನಲ್ಲಿತ್ತು. ಇಂಥ ಸಂಕಟದ ಊರು ಸಾಕಪ್ಪ, ಅಮೆರಿಕದಲ್ಲಿ ಓದಿ, ಮದುವೆಯಾಗಿ ಅಲ್ಲೇ ಹಾಯಾಗಿರಬೇಕು ಅನ್ನುವುದು ಆಸೆ. ಅಲ್ಲಿಗೆ ಹೋಗಿ ಓದಿದ್ದೂ ಆಯಿತು. 1890ರಲ್ಲಿ ತಾಯಿಗೆ ಕಾಯಿಲೆ ಅಂತ ಸುದ್ದಿ ಬಂತು. ಸ್ವಲ್ಪ ದಿನ ಇದ್ದು ವಾಪಸ್ ಹೋಗುವ ಲೆಕ್ಕದಲ್ಲಿ ತಿಂಡಿವನಂಗೆ ಬಂದರು.

ಒಂದೇ ರಾತ್ರಿ ಮೂರು ಸಾವು

ತಿಂಡಿವನಂನಲ್ಲಿ ಒಂದು ರಾತ್ರಿ ಬಾಗಿಲು ತಟ್ಟಿದ ಸದ್ದು. ಹೊರಗೆ ಒಬ್ಬ ಬ್ರಾಹ್ಮಣ ಯುವಕ. ಹೆಂಡತಿಗೆ ಹೆರಿಗೆ ನೋವು, ಮಗು ಆಗುತ್ತಿಲ್ಲ, ನೀವು ಬನ್ನಿ ಅಂತ ಐಡಾರನ್ನು ಬೇಡಿಕೊಂಡ. ನನಗೆ ಏನೂ ಗೊತ್ತಿಲ್ಲ, ನಮ್ಮ ತಂದೆ ಡಾಕ್ಟರ್ ಇದ್ದಾರೆ, ಕರೆದುಕೊಂಡು ಹೋಗಿ ಅಂತ ಈಕೆ ಹೇಳಿದರು. ಆತ ಒಪ್ಪಲಿಲ್ಲ. ಪರಗಂಡಸು ಹೆಂಡತಿಯನ್ನು ಮುಟ್ಟುವುದು ಸಾಧ್ಯವೇ ಇಲ್ಲ. ಹಾಗೇ ಹಿಂದಿರುಗಿದ.

ಅದೇ ರಾತ್ರಿ ಒಬ್ಬ ಮುಸಲ್ಮಾನ ಬಂದ. ಅದೇ ಕಷ್ಟ, ಅದೇ ಉತ್ತರ. ಆಮೇಲೆ ಮೇಲ್ಜಾತಿಯ ಇನ್ನೊಬ್ಬ ಹಿಂದೂ ಬಂದ. ಅವನೂ ಗಂಡಸು ಡಾಕ್ಟರ್ ಬೇಡ ಅಂದುಬಿಟ್ಟ. ಬೆಳಗ್ಗೆ ವಿಚಾರಿಸಿದರೆ ಮೂವರು ಬಾಣಂತಿಯರೂ ತೀರಿಕೊಂಡಿದ್ದರು.

ಜಾತಿ ಬೇರೆ, ಧರ್ಮ ಬೇರೆ. ಸಾವಿಗೆ ಕಾರಣ ಮಾತ್ರ ಒಂದೇ. ಕೂಗಳತೆ ದೂರದಲ್ಲಿ ಡಾಕ್ಟರು ಇದ್ದರು, ಆದರೂ ಇಲ್ಲದಂತೆಯೇ ಆಯಿತು. ಯಾಕೆಂದರೆ ಬೇಕಾಗಿದ್ದದ್ದು ಹೆಂಗಸು ಡಾಕ್ಟರು. ಊರಿನಲ್ಲಿ ಅಂಥವರು ಒಬ್ಬರೂ ಇರಲಿಲ್ಲ. ಐಡಾ ಆವತ್ತೇ ನಿಶ್ಚಯ ಮಾಡಿದರು. ಮದುವೆ, ಅಮೆರಿಕದ ಸುಖ ಎಲ್ಲ ಮೂಲೆಗೆ ಹೋಯಿತು. ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು.

ಕಿಟಕಿಯೇ ದವಾಖಾನೆ

1895ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯ ಕಾಲೇಜು ಸೇರಿದರು. ಕಾರ್ನೆಲ್ ವೈದ್ಯ ಕಾಲೇಜು ಹುಡುಗಿಯರಿಗೂ ಬಾಗಿಲು ತೆರೆದಾಗ ಅಲ್ಲಿಗೆ ಬದಲಾಯಿಸಿಕೊಂಡು 1899ರಲ್ಲಿ ಪಾಸಾದರು. ಹೊರಡುವ ಮೊದಲು ವೆಲ್ಲೂರಿನಲ್ಲಿ ಹೆಂಗಸರ ಆಸ್ಪತ್ರೆಗೆ ದುಡ್ಡು ಎತ್ತುವ ಕೆಲಸವೂ ಇವರ ತಲೆಗೆ ಬಿತ್ತು. ನ್ಯೂಯಾರ್ಕಿನ ಒಂದು ಮನೆಯಲ್ಲಿ ಈ ವಿಷಯ ಹೇಳುತ್ತಿದ್ದಾಗ ಪಕ್ಕದ ಕೋಣೆಯಲ್ಲಿದ್ದ ಶೆಲ್ ಎಂಬ ವಯಸ್ಸಾದ ಬ್ಯಾಂಕರ್ ಕಿವಿಗೆ ಬಿತ್ತು. ತೀರಿಕೊಂಡ ಹೆಂಡತಿಯ ನೆನಪಿಗೆ ಅಂತ ಆತ 10,000 ಡಾಲರ್ ಚೆಕ್ ಬರೆದುಕೊಟ್ಟ.

1900ರ ಹೊಸ ವರ್ಷಕ್ಕೆ ಡಾಕ್ಟರಾಗಿ ಬಂದಿಳಿದರು. ತಂದೆಯ ಕೈಕೆಳಗೆ ಕೆಲಸ ಕಲಿಯೋಣ ಅಂತಿದ್ದರೆ ಅದೇ ಮೇ ತಿಂಗಳಲ್ಲಿ ತಂದೆ ತೀರಿಕೊಂಡರು. ಒಂಟಿ ಹೆಂಗಸು, ಅದೂ 29ರ ಪ್ರಾಯ. ಇವಳೆಂಥ ಡಾಕ್ಟರು ಅಂತ ಜನಕ್ಕೆ ಅನುಮಾನ. ಬಂಗಲೆಯ ಒಂದು ಚಿಕ್ಕ ಕೋಣೆಯೇ ದವಾಖಾನೆ, ಕಿಟಕಿಯಿಂದ ಔಷಧಿ, ಒಳಗೆ ಒಂದೇ ಹಾಸಿಗೆ. ಕಾಂಪೌಂಡರ್, ನರ್ಸು ಎಲ್ಲಾ ಕೆಲಸಕ್ಕೂ ತರಬೇತಿ ಇಲ್ಲದ ಮನೆಗೆಲಸದ ಸಾಲೋಮಿ. ಆದರೂ ಎರಡು ವರ್ಷದಲ್ಲಿ 5,000 ರೋಗಿಗಳನ್ನು ನೋಡಿದರು. 1902ರಲ್ಲಿ ಶೆಲ್ ದುಡ್ಡಿನ 40 ಹಾಸಿಗೆಯ ಆಸ್ಪತ್ರೆ ಎದ್ದು ನಿಂತಿತು.

ಗುಡಿಯಾತ್ತಂ ರಸ್ತೆ

ಆಸ್ಪತ್ರೆ ಆಯಿತು, ಇನ್ನು ರೋಗಿಗಳು ಬರಲಿ ಅಂತ ಕೂತಿದ್ದರೆ ಐಡಾ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆಸ್ಪತ್ರೆಗೆ ಬಂದು ಮುಟ್ಟುವವರಲ್ಲಿ ಎಷ್ಟೋ ಜನ ಕೈಮೀರಿದ ಮೇಲೆ ಬರುತ್ತಿದ್ದರು. ಕೂಲಿ ಬಿಟ್ಟು ಬಂದರೆ ಆ ದಿನದ ಗಂಜಿಗೆ ಕಲ್ಲು. ಹೆಂಗಸರನ್ನು ಕರೆತರಲು ಗಂಡಸರಿಗೆ ಪುರಸೊತ್ತಿಲ್ಲ, ಮನಸ್ಸೂ ಇಲ್ಲ. ಸರಿ, ಅವರು ಬರದಿದ್ದರೆ ನಾವೇ ಹೋಗೋಣ ಅಂತ 1906ರಲ್ಲಿ ಎತ್ತಿನ ಗಾಡಿ ಕಟ್ಟಿಸಿದರು.

ಕೋಲಾರ ಕಡೆಯಿಂದ ವಿ.ಕೋಟ, ಪೇರ್ಣಾಂಬಟ್ ದಾರಿಯಾಗಿ ಹೋಗುವವರಿಗೆ ಗುಡಿಯಾತ್ತಂ ಹೊಸ ಊರಲ್ಲ. ವೆಲ್ಲೂರಿನಿಂದ ಅಲ್ಲಿಗೆ ಹೋಗುವ ರಸ್ತೆಯೇ ಡಾಕ್ಟರಮ್ಮನ ಸಂಚಾರಿ ಆಸ್ಪತ್ರೆಯಾಯಿತು. ವಾರಕ್ಕೊಂದು ದಿನ ಔಷಧಿ ಪೆಟ್ಟಿಗೆ ಹೇರಿಕೊಂಡು ಹೊರಡುವುದು, ಗೊತ್ತಾದ ಮರದ ಕೆಳಗೆ ನಿಲ್ಲುವುದು. ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಕೀವುಗಟ್ಟಿದ್ದನ್ನು ಕೊಯ್ಯುವುದು, ಹಲ್ಲು ಕೀಳುವುದು, ಕಣ್ಣಿಗೆ ಔಷಧಿ ಹಾಕುವುದು, ಜ್ವರಕ್ಕೆ ಔಷಧಿ ಕೊಡುವುದು ಎಲ್ಲ ಅಲ್ಲೇ, ಧೂಳಿನಲ್ಲೇ. ಆಸ್ಪತ್ರೆಗೆ ಸೇರಲೇಬೇಕು ಅನ್ನುವಂಥವರಿಗೆ ಬುದ್ಧಿ ಹೇಳಿ ವೆಲ್ಲೂರಿಗೆ ಬರಮಾಡಿಕೊಳ್ಳುತ್ತಿದ್ದರು. ಊರು ಹತ್ತಿರ ಸೇರಿಸದ ಕುಷ್ಠರೋಗಿಗಳೂ ಆ ಮರದ ಕೆಳಗೆ ಬಂದು ನಿಲ್ಲುತ್ತಿದ್ದರು.

1909ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯ ಪುಟ್ಟ ಕಾರು ಬಂತು. ಕುದುರೆ-ಎತ್ತು ಇಲ್ಲದೆ ಓಡುವ ಬಂಡಿ ಕಂಡು ಮೊದಮೊದಲು ಜನ ದಿಕ್ಕಾಪಾಲಾಗಿ ಓಡಿದ್ದೂ ಉಂಟು. ಆಮೇಲೆ ಅದೇ ಕಾರು ಬರುವ ದಾರಿ ಕಾಯುತ್ತಾ ರಸ್ತೆ ಪಕ್ಕ ಸಾಲುಗಟ್ಟಿ ಕೂರತೊಡಗಿದರು.

ಒಬ್ಬಳಿಂದ ಆಗದ ಕೆಲಸ

ಎಷ್ಟು ಓಡಾಡಿದರೂ ಒಬ್ಬ ಡಾಕ್ಟರಮ್ಮ ಎಷ್ಟು ಹಳ್ಳಿ ಮುಟ್ಟಿಯಾರು? ಪರದೇಶದಿಂದ ಡಾಕ್ಟರ್ ತರಿಸುತ್ತಾ ಕೂರುವ ಬದಲು ಇಲ್ಲಿನ ಹುಡುಗಿಯರನ್ನೇ ತಯಾರು ಮಾಡಬೇಕು ಎಂಬುದು ಐಡಾ ಲೆಕ್ಕ. 1909ರಲ್ಲಿ ನರ್ಸಿಂಗ್ ಶಾಲೆ ತೆರೆದರು. ಆಮೇಲೆ ಹುಡುಗಿಯರ ವೈದ್ಯ ಶಾಲೆಗೆ ಕೈ ಹಾಕಿದರು.

ಮದರಾಸಿನ ಸರ್ಜನ್ ಜನರಲ್ ಬ್ರೈಸನ್‌ಗೆ ನಂಬಿಕೆ ಇರಲಿಲ್ಲ. ಮೂರು ಅರ್ಜಿ ಬಂದರೆ ಹೆಚ್ಚು. ಆರು ಬಂದರೆ ಶುರು ಮಾಡಿಕೊಳ್ಳಿ ಅಂತ ಅಪ್ಪಣೆ ಕೊಟ್ಟರು. ಬಂದದ್ದು 151 ಅರ್ಜಿ! 1918ರ ಆಗಸ್ಟ್ 12ರಂದು ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಶಾಲೆ ಉದ್ಘಾಟಿಸಿದರು. ಎಲ್.ಎಂ.ಪಿ. ಕೋರ್ಸು. ಮೊದಲ ವರ್ಷದ ಸರ್ಕಾರಿ ಪರೀಕ್ಷೆಗೆ ಹೋದಾಗ ಗಂಡುಹುಡುಗರೇ ಐವರಲ್ಲಿ ಒಬ್ಬರು ಪಾಸಾಗುತ್ತಾರೆ, ನಿಮ್ಮ ಹುಡುಗಿಯರು ಫೇಲಾದರೆ ಬೇಜಾರು ಮಾಡಿಕೊಳ್ಳಬೇಡಿ ಅಂತ ಮೊದಲೇ ಸಮಾಧಾನ ಹೇಳಿದ್ದರಂತೆ. ಫಲಿತಾಂಶ ಬಂದರೆ ವೆಲ್ಲೂರಿನಿಂದ ಕೂತವರೆಲ್ಲರೂ ಪಾಸು. 1922ರಲ್ಲಿ ಮೊದಲ ತಂಡದ 14 ಮಂದಿ ಡಾಕ್ಟರಾಗಿ ಹೊರಬಂದರು. 1928ರಲ್ಲಿ ಗಾಂಧೀಜಿ ಈ ಶಾಲೆಗೆ ಭೇಟಿ ಕೊಟ್ಟರು. ಅದೇ ವರ್ಷ ಊರ ಹೊರಗೆ ಬಾಗಾಯಂನಲ್ಲಿ 200 ಎಕರೆಯಲ್ಲಿ ಹೊಸ ಕಾಲೇಜಿಗೆ ಗುದ್ದಲಿ ಬಿತ್ತು.

70ರ ನಂತರದ ಪರೀಕ್ಷೆ

1930ರ ದಶಕದ ಕೊನೆಗೆ ದೊಡ್ಡ ಪೆಟ್ಟು ಬಿತ್ತು. ಮದರಾಸು ಸರ್ಕಾರ ಎಲ್.ಎಂ.ಪಿ. ರದ್ದು ಮಾಡಿತು. ಇನ್ನು ಎಂ.ಬಿ.ಬಿ.ಎಸ್. ಮಾತ್ರ. ಅದಕ್ಕೆ ಹೆಚ್ಚು ಹಾಸಿಗೆ, ಹೆಚ್ಚು ಪ್ರೊಫೆಸರು, ಲ್ಯಾಬು ಎಲ್ಲ ಬೇಕು. ದುಡ್ಡಿಲ್ಲ. ಕಾಲೇಜಿಗೆ ಬೀಗ ಬೀಳುವ ಹೊತ್ತು. ನೆರವು ಕೊಡುವ ಚರ್ಚುಗಳು ಹೇಳಿದ್ದು ಒಂದೇ: ಗಂಡುಹುಡುಗರನ್ನೂ ಸೇರಿಸಿಕೊಳ್ಳುವುದಾದರೆ ಎಲ್ಲ ಸೇರಿ ದುಡ್ಡು ಹಾಕುತ್ತೇವೆ. ಹೆಂಗಸರಿಗಾಗಿಯೇ ಕಟ್ಟಿದ ಸಂಸ್ಥೆ ಅಂತ ಅಮೆರಿಕದ ಹಳೆಯ ಗೆಳತಿಯರು ಇದನ್ನು ಒಪ್ಪಲಿಲ್ಲ, ಕೋಪ ಮಾಡಿಕೊಂಡರು. ಐಡಾಗೆ ಇದು ಸಣ್ಣ ಸಂಕಟವಲ್ಲ. ಕೊನೆಗೆ ಕಾಲೇಜು ಉಳಿಯುವುದೇ ಮುಖ್ಯ ಅಂತ ಒಪ್ಪಿಕೊಂಡರು.

70 ದಾಟಿದ ಮುದುಕಿ 1941ರಲ್ಲಿ ಯುದ್ಧದ ನಡುವೆಯೇ ಅಮೆರಿಕಕ್ಕೆ ಹೋಗಿ ಊರೂರು ಸುತ್ತಿ ದುಡ್ಡು ಎತ್ತಿದರು. 1942ರಲ್ಲಿ ಎಂ.ಬಿ.ಬಿ.ಎಸ್.ಗೆ ಮದರಾಸು ವಿಶ್ವವಿದ್ಯಾನಿಲಯದ ಮಾನ್ಯತೆ ಬಂತು. ಅದೇ ದಶಕದಲ್ಲಿ ಗಂಡುಹುಡುಗರೂ ಸೇರಿದರು. ಐಡಾ 1946ರಲ್ಲಿ ನಿವೃತ್ತರಾದರು. ಆಮೇಲೆ ಸಂಸ್ಥೆಯ ಹೊಣೆ ಹೊತ್ತವರು ಭಾರತೀಯ ಮಹಿಳೆ, ಡಾ. ಹಿಲ್ಡಾ ಲಾಜರಸ್. ಬೇಕಾಗಿದ್ದದ್ದು ಇದೇ.

ಕೊಡೈಕೆನಾಲ್‌ನಲ್ಲಿ ಕೊನೆಯ ದಿನ ಕಳೆದ ಐಡಾ 1960ರ ಮೇ ತಿಂಗಳಲ್ಲಿ, 89ರ ವಯಸ್ಸಿನಲ್ಲಿ ತೀರಿಕೊಂಡರು. 2000ದ ಆಗಸ್ಟ್ 12ರಂದು ಅಂಚೆ ಇಲಾಖೆ ಅವರು ಕಟ್ಟಿದ ವೈದ್ಯ ಕಾಲೇಜಿನ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು.

ರಸ್ತೆ ಮುಗಿಯಲಿಲ್ಲ

ಐಡಾ ಹೋದ ಮೇಲೆ ವೆಲ್ಲೂರಿನ ಹೆಸರು ಇನ್ನೂ ಏರಿತು. 1961ರಲ್ಲಿ ತೆರೆದ ಹೃದಯದ ಆಪರೇಷನ್, 1971ರಲ್ಲಿ ಮೂತ್ರಪಿಂಡ ಬದಲಾವಣೆ ಅಂತ ಪೇಪರಿನಲ್ಲಿ ಬಂದದ್ದೆಲ್ಲ ನಗರದ ಆಸ್ಪತ್ರೆಯ ಸುದ್ದಿ.

ಸುದ್ದಿಯಾಗದ ಕೆಲಸ ಹಳ್ಳಿ ಕಡೆ ನಡೆಯಿತು. ಬಾಗಾಯಂನಲ್ಲಿ ಹಳ್ಳಿಗರಿಗೆಂದೇ ಒಂದು ಸಮುದಾಯ ಆಸ್ಪತ್ರೆ ಬಂತು. ಅಲ್ಲಿಂದ ಡಾಕ್ಟರು, ನರ್ಸು ವ್ಯಾನಿನಲ್ಲಿ ಕಣಿಯಂಬಾಡಿ ಬ್ಲಾಕಿನ ಹಳ್ಳಿಗಳಿಗೆ ಹೋಗುವ ಏರ್ಪಾಡಾಯಿತು. ಆಯಾ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಯಾರು ಬಸುರಿ, ಯಾವ ಮಗುವಿಗೆ ಚುಚ್ಚುಮದ್ದು ಬಾಕಿ ಅಂತ ಲೆಕ್ಕ ಇಡಿಸಿದರು. 1977ರಲ್ಲಿ ಕೆ.ವಿ.ಕುಪ್ಪಂ ಬ್ಲಾಕಿನಲ್ಲಿ ಇನ್ನೊಂದು ಗ್ರಾಮೀಣ ಕೇಂದ್ರ ಶುರುವಾಯಿತು. ಆ ಊರು ಇರುವುದು ಗುಡಿಯಾತ್ತಂ ರಸ್ತೆಯಲ್ಲಿ! ಎತ್ತಿನ ಗಾಡಿ ಹೋದ ದಾರಿಯಲ್ಲೇ ಆಸ್ಪತ್ರೆ ಬಂದು ಕೂತಿತು.

ಊರಿಗೊಂದು ಆಸ್ಪತ್ರೆ ಕಟ್ಟಡ ಬೇಕು ಅಂತ ಕೇಳುವ ಮುಖಂಡರು ತಾಲೂಕಿಗೆ ಹತ್ತು ಜನ ಸಿಗುತ್ತಾರೆ. ಟೇಪು ಕತ್ತರಿಸುವುದಕ್ಕೂ ಜನ ಉಂಟು. ಆ ಕಟ್ಟಡದಲ್ಲಿ ರಾತ್ರಿ ಹೊತ್ತು ಲೇಡಿ ಡಾಕ್ಟರ್ ಇರುತ್ತಾರಾ, ವಾರಕ್ಕೊಂದು ದಿನವಾದರೂ ನರ್ಸಮ್ಮ ಕೊನೆಯ ಹಳ್ಳಿಗೆ ಹೋಗುತ್ತಾರಾ ಅಂತ ಕೇಳುವವರು ಬೇಕಾಗಿದ್ದಾರೆ. ತಿಂಡಿವನಂನ ಆ ಮೂರು ಮನೆಗಳಿಗೆ ಡಾಕ್ಟರು ದೂರ ಇರಲಿಲ್ಲ ಎಂಬುದನ್ನು ಮರೆಯಬಾರದು.