ವಾಸ್ತುಶಿಲ್ಪಿ ಶಿಂಕೆಲ್

ಬರ್ಲಿನ್ ನಗರವು ಪ್ರಷ್ಯಾ ರಾಜ್ಯದ ರಾಜಧಾನಿಯಾಗಿದ್ದ ಕಾಲದಲ್ಲಿ ಅದರ ನಡುವೆ ಲುಸ್ಟ್‌ಗಾರ್ಟನ್ ಎಂಬ ಉದ್ಯಾನವಿದ್ದಿತು. ಅದರ ದಕ್ಷಿಣಕ್ಕೆ ದೊರೆಯ ಅರಮನೆ, ಪೂರ್ವಕ್ಕೆ ಇಗರ್ಜಿ, ಪಶ್ಚಿಮದಲ್ಲಿ ಕಾಲುವೆಯಾಚೆ ಸೇನೆಯ ಆಯುಧಾಗಾರ. ಉಳಿದ ಉತ್ತರ ದಿಕ್ಕಿನಲ್ಲಿ, ಅರಮನೆಗೆ ಮುಖಾಮುಖಿಯಾಗಿ, ಸಾಮಾನ್ಯ ಜನರಿಗೂ ತೆರೆದಿರುವ ವಸ್ತುಸಂಗ್ರಹಾಲಯವೊಂದು ನಿಲ್ಲಬೇಕೆಂದು ಬಯಸಿ, ಅದನ್ನು ಸಾಧಿಸಿದವನು ಕಾರ್ಲ್ ಫ್ರೀಡ್ರಿಖ್ ಶಿಂಕೆಲ್.

ಶಿಂಕೆಲ್ 1781ರ ಮಾರ್ಚ್ 13ರಂದು ನಾಯ್‌ರುಪ್ಪಿನ್ ಎಂಬ ಊರಿನಲ್ಲಿ ಜನಿಸಿದನು. ಅವನ ತಂದೆ ಪಾದ್ರಿ. 1787ರಲ್ಲಿ ಆ ಊರಿಗೆ ಬೆಂಕಿ ಬಿದ್ದು ಬಹುಭಾಗ ಬೂದಿಯಾಯಿತು. ಬೆಂಕಿಯನ್ನು ಆರಿಸಲು ಹೆಣಗಿದ ತಂದೆ ಕಾಯಿಲೆ ಬಿದ್ದು ತೀರಿಕೊಂಡನು. ಆಗ ಶಿಂಕೆಲ್ ಆರು ವರ್ಷದ ಬಾಲಕ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಪಾದ್ರಿಗಳ ವಿಧವೆಯರಿಗಾಗಿ ಇದ್ದ ಆಶ್ರಯಗೃಹವನ್ನು ಸೇರಿದಳು. ಸುಟ್ಟ ಊರು ಅಗಲವಾದ ನೇರ ಬೀದಿಗಳೊಡನೆ ಮತ್ತೆ ಎದ್ದುನಿಲ್ಲುವುದನ್ನು ಹುಡುಗ ಕಣ್ಣಾರೆ ಕಂಡನು.

1794ರಲ್ಲಿ ಸಂಸಾರವು ಬರ್ಲಿನ್ನಿಗೆ ಬಂದಿತು. 1797ರಲ್ಲಿ ಅಲ್ಲಿನ ಪ್ರದರ್ಶನವೊಂದರಲ್ಲಿ ಫ್ರೀಡ್ರಿಖ್ ಗಿಲ್ಲಿ ಎಂಬ ತರುಣ ವಾಸ್ತುಶಿಲ್ಪಿ ರಚಿಸಿದ ಸ್ಮಾರಕದ ಚಿತ್ರವನ್ನು ಶಿಂಕೆಲ್ ನೋಡಿದನು. ಎತ್ತರದ ಜಗತಿಯ ಮೇಲೆ ಗ್ರೀಕ್ ದೇಗುಲ! ಆ ಸ್ಮಾರಕವನ್ನು ಎಂದೂ ಕಟ್ಟಲಿಲ್ಲ; ಆದರೆ ಅದರ ಚಿತ್ರ ಒಬ್ಬ ವಾಸ್ತುಶಿಲ್ಪಿಯನ್ನು ಕಟ್ಟಿತು. ಶಿಂಕೆಲ್ ಶಾಲೆಯನ್ನು ಬಿಟ್ಟು ಗಿಲ್ಲಿಯ ಶಿಷ್ಯನಾದನು. ಗುರು 1800ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿಯೇ, ಕಾಲವಾದನು.

ಇಟಲಿಯ ಪ್ರವಾಸ ಮುಗಿಸಿ ಬಂದ ಶಿಂಕೆಲ್‌ಗೆ ಕೆಲಸವಿರಲಿಲ್ಲ. 1806ರಲ್ಲಿ ನೆಪೋಲಿಯನ್ನನ ಸೇನೆ ಬರ್ಲಿನ್ನನ್ನು ಹಿಡಿಯಿತು, ಕಟ್ಟುವವರೇ ಇಲ್ಲವಾದರು. ಅವನು ಕುಂಚವನ್ನು ಹಿಡಿದು ಭಾರಿ ದೃಶ್ಯಪಟಗಳನ್ನು ಬರೆದನು. ಮುಂದೆ ನಾಟಕಶಾಲೆಗೆ ಪರದೆಗಳನ್ನೂ ರಚಿಸಿದನು. ಈ ಕಾಲ ವ್ಯರ್ಥವಾಯಿತೆನ್ನುವಂತಿಲ್ಲ. ನಿಂತವನ ಕಣ್ಣಿಗೆ ಯಾವುದು ಮೊದಲು, ಯಾವುದು ಅನಂತರ ಕಾಣಬೇಕೆಂಬುದನ್ನು ಅವನು ಕಲಿತದ್ದು ಇಲ್ಲಿಯೇ ಎಂದು ತೋರುತ್ತದೆ.

1823ರಲ್ಲಿ ದೊರೆ ಮೂರನೆಯ ಫ್ರೀಡ್ರಿಖ್ ವಿಲ್‌ಹೆಲ್ಮ್ ಅವನ ಯೋಜನೆಗೆ ಒಪ್ಪಿಗೆಯಿತ್ತನು. ವಿರೋಧ ಬಂದದ್ದು ವಿದ್ವಾಂಸರಿಂದ. ಶಿಂಕೆಲ್ ವಿದ್ಯಾರ್ಥಿಯಾಗಿದ್ದಾಗ ಅಲ್ಲಿ ಬೋಧಿಸುತ್ತಿದ್ದ ಅಲೋಯಿಸ್ ಹಿರ್ಟ್, ಮುಂದಿನ ಕಂಬಸಾಲು ದುಂದೆಂದೂ ನಡುವಿನ ವೃತ್ತಾಕಾರದ ಮಂದಿರ ಅನವಶ್ಯವೆಂದೂ ವಾದಿಸಿದನು. ವಸ್ತುಗಳಿಗಾಗಿ ಕಟ್ಟಡವೇ ಹೊರತು ಕಟ್ಟಡಕ್ಕಾಗಿ ವಸ್ತುಗಳಲ್ಲ ಎಂಬುದು ಅವನ ನಿಲುವು. ಆ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಶಿಂಕೆಲ್ ಒಂದು ಕಂಬವನ್ನೂ ಬಿಟ್ಟುಕೊಡಲಿಲ್ಲ. ಬೀದಿಯಿಂದ ಬಂದವನ ಮನಸ್ಸು ಮೊದಲು ಅರಳಬೇಕು, ಕಲಿಕೆ ಆಮೇಲಿನದು ಎಂದು ಅವನು ನಂಬಿದ್ದನು.

ಕಾಲುವೆಯನ್ನು ಮುಚ್ಚಿ, ಜೌಗು ನೆಲದಲ್ಲಿ ಸಾವಿರಾರು ಮರದ ದಿಮ್ಮಿಗಳನ್ನು ನೆಟ್ಟು, ಅವುಗಳ ಮೇಲೆ ತಳಪಾಯ ಹಾಕಿದರು. ಸುಮಾರು 87 ಮೀಟರ್ ಉದ್ದದ ಮುಂಭಾಗದಲ್ಲಿ ಹದಿನೆಂಟು ಕಂಬಗಳು. ಅವುಗಳ ಬೋದಿಗೆಗಳು ಇಕ್ಕೆಲಕ್ಕೂ ಸುರುಳಿ ಸುತ್ತಿಕೊಂಡಿವೆ. ಗ್ರೀಕರ ಈ ಶೈಲಿಗೆ ಅಯೋನಿಕ್ ಎಂದು ಹೆಸರು. ಪ್ರಾಚೀನ ಗ್ರೀಸಿನಲ್ಲಿ ಊರಜನ ಕಲೆತು ಮಾತನಾಡುತ್ತಿದ್ದ ಕಂಬಸಾಲಿನ ಪಡಸಾಲೆಯನ್ನು ಇದು ನೆನಪಿಗೆ ತರುತ್ತದೆ. ಒಳಗಿನ ವೃತ್ತಮಂದಿರ ಮಾತ್ರ ರೋಮ್ ನಗರದ ಪ್ಯಾಂಥಿಯನ್ ದೇಗುಲದ ಮಾದರಿಯದು. ಪಕ್ಕದ ಇಗರ್ಜಿಯ ಗುಮ್ಮಟದೊಡನೆ ಸ್ಪರ್ಧೆಯಾಗದಿರಲೆಂದು ಶಿಂಕೆಲ್ ಇದರ ಗುಮ್ಮಟವನ್ನು ಚೌಕಗೋಡೆಗಳಲ್ಲಿ ಮರೆಸಿದನು. ಹೊರಗೆ ನಿಂತವರಿಗೆ ಅದರ ಸುಳಿವೇ ಇಲ್ಲ. ಒಳಗೆ ಕಾಲಿಟ್ಟೊಡನೆ ತಲೆಯ ಮೇಲೆ ಆಕಾಶದಂತೆ ತೆರೆದುಕೊಳ್ಳುತ್ತದೆ. ಇನ್ನು ಮಹಡಿಯ ಮೆಟ್ಟಿಲು. ಅದನ್ನು ಅವನು ಗೋಡೆಗಳ ನಡುವೆ ಅಡಗಿಸದೆ ಕಂಬಗಳ ಹಿಂದೆಯೇ ತೆರೆದಿಟ್ಟನು. ಹತ್ತಿದವನು ತಿರುಗಿ ನೋಡಿದರೆ ಕಂಬಗಳ ನಡುವೆ ಉದ್ಯಾನವೂ ಅರಮನೆಯೂ ಕಾಣುತ್ತಿದ್ದವು. ದೊರೆಯ ಮನೆಯನ್ನು ಪ್ರಜೆ ಸರಿಸಮನಾದ ಎತ್ತರದಲ್ಲಿ ನಿಂತು ನೋಡಬಹುದಾಗಿತ್ತು.

1830ರ ಆಗಸ್ಟ್ 3ರಂದು ಕಟ್ಟಡವು ತೆರೆಯಿತು. ವೃತ್ತಮಂದಿರದಲ್ಲಿಡಲೆಂದು ಒಂದೇ ಬಂಡೆಯಲ್ಲಿ ಕೊರೆಸಿದ ಬೋಗುಣಿ ಸುಮಾರು ಏಳು ಮೀಟರ್ ಅಗಲಕ್ಕೆ ಬೆಳೆದು, ಒಳಗೆ ಹಿಡಿಸದೆ ಮೆಟ್ಟಿಲುಗಳ ಮುಂದೆಯೇ ಉಳಿಯಿತು. ಇಂದಿಗೂ ಅಲ್ಲಿಯೇ ಇದೆ.

ದುಡಿಮೆಯಿಂದ ಬಳಲಿದ ಶಿಂಕೆಲ್ 1840ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ, 1841ರ ಅಕ್ಟೋಬರ್ 9ರಂದು ನಿಧನನಾದನು. ಜೀವಮಾನವಿಡೀ ಗ್ರೀಕ್ ಕಂಬಗಳನ್ನು ಧ್ಯಾನಿಸಿದವನು ಗ್ರೀಸ್ ದೇಶವನ್ನು ಒಮ್ಮೆಯೂ ಕಾಣಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಸಂಗ್ರಹಾಲಯವು ಸುಟ್ಟು ಹಾಳಾಯಿತು. ಮತ್ತೆ ಕಟ್ಟಿ 1966ರಲ್ಲಿ ತೆರೆದರು. ಎದುರಿನ ಅರಮನೆಯನ್ನು 1950ರಲ್ಲಿ ಕೆಡವಿದ್ದರು. ಅದೇ ನೆಲೆಯಲ್ಲಿ ಹಳೆಯ ಅರಮನೆಯ ಮುಖಗಳನ್ನೇ ಹೋಲುವ ಹೊಸ ಕಟ್ಟಡವೊಂದು ಎದ್ದು, 2021ರಲ್ಲಿ ಜನರಿಗೆ ತೆರೆಯಿತು. ಅದೂ ಈಗ ವಸ್ತುಸಂಗ್ರಹಾಲಯವೇ.